ಒಂದೇ ಕಾಡು, ಹಲವು ದಾರಿ: ಮನೆಯಲ್ಲೇ ಕೂತು ಕಾಕನಕೋಟೆ ನೋಡಿದ ನನ್ನ ಅನುಭವ

ಟಿವಿಯಲ್ಲಿ ಕಾಡು ನೋಡಲು ಕೂತರೆ ಒಂದೇ ಗಂಟೆಯಲ್ಲಿ ಆಫ್ರಿಕಾದ ಸಿಂಹ, ಅಂಟಾರ್ಕ್ಟಿಕಾದ ಪೆಂಗ್ವಿನ್, ಅಮೆಜಾನಿನ ಕಪ್ಪೆ ಎಲ್ಲಾ ಬಂದು ಹೋಗುತ್ತವೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಯಾವ ಕಾಡೂ ಪರಿಚಯ ಆಗುವುದಿಲ್ಲ. ನನಗೆ ಬೇಕಾಗಿದ್ದು ಪರಿಚಯ. ಅದಕ್ಕೇ ಒಂದೇ ಕಾಡನ್ನು ಹಿಡಿದುಕೊಂಡೆ. ಅದರ ಬಗ್ಗೆ ಸಿಕ್ಕಿದ ಪುಸ್ತಕ, ನಾಟಕ, ಸಿನಿಮಾ, ಸಾಕ್ಷ್ಯಚಿತ್ರ ಎಲ್ಲವನ್ನೂ ಒಂದಾದ ಮೇಲೊಂದು ನೋಡುತ್ತಾ, ಓದುತ್ತಾ ಬಂದೆ.

ಆ ಕಾಡು ಕಾಕನಕೋಟೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹೊಳೆಯ ಬದಿಯಲ್ಲಿದೆ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಅಮ್ಮನ ತವರು ಹುಣಸೂರು ಕಡೆ, ಹಾಗಾಗಿ ಈ ಹೆಸರುಗಳೆಲ್ಲ ಚಿಕ್ಕಂದಿನಿಂದ ಕೇಳಿದ್ದೇ. ಈಗ ಅಮ್ಮನಿಗೆ ಓಡಾಡಲು ಆಗುವುದಿಲ್ಲ, ಅವರನ್ನು ಬಿಟ್ಟು ನಾನೂ ಎರಡು ದಿನ ಎಲ್ಲೂ ಹೋಗುವಂತಿಲ್ಲ. ಹೀಗಾಗಿ ಸಂಜೆ ಊಟ ಆದ ಮೇಲೆ ಇಬ್ಬರೂ ಸೇರಿ ನೋಡುತ್ತೇವೆ. ಓದುವುದಿದ್ದರೆ ನಾನು ಗಟ್ಟಿಯಾಗಿ ಓದುತ್ತೇನೆ.

ಶುರು ಮಾಡಿದ್ದು ಮಾಸ್ತಿಯವರ ನಾಟಕ ‘ಕಾಕನಕೋಟೆ’ಯಿಂದ. ಕಾಡು ಕುರುಬರ ಕತೆ, ಮೈಸೂರು ಅರಸರ ಕಾಲದ್ದು. ಓದಿ ಮುಗಿಸಿದ ಮೇಲೆ ಅದೇ ಹೆಸರಿನ 1977ರ ಸಿನಿಮಾ ನೋಡಿದೆವು. ಸಿ.ಆರ್. ಸಿಂಹ ನಿರ್ದೇಶನ. ‘ನೇಸರ ನೋಡು’ ಹಾಡು ಎಲ್ಲರಿಗೂ ಗೊತ್ತು, ಆದರೆ ಅದು ಯಾವ ಕಾಡಿನ ಬೆಳಗು ಅಂತ ಗೊತ್ತಿದ್ದು ಕೇಳುವ ಸುಖವೇ ಬೇರೆ. ಕಾಡಿನ ಪುಸ್ತಕ ಅಂದ ಕೂಡಲೇ ನಾವು ಹುಲಿ, ಆನೆಗೆ ಹೋಗಿಬಿಡುತ್ತೇವೆ ಅಲ್ವಾ? ಮೊದಲು ಅಲ್ಲಿನ ಜನರಿಂದ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪ್ರಾಣಿಗಳ ಸಾಕ್ಷ್ಯಚಿತ್ರಗಳಲ್ಲಿ ಮನುಷ್ಯರನ್ನು ಬೇಕೆಂದೇ ಚೌಕಟ್ಟಿನಿಂದ ಹೊರಗಿಡುವುದು ಜಾಸ್ತಿ. ಅವನ್ನಷ್ಟೇ ನೋಡಿದರೆ ಇಲ್ಲಿ ಯಾರೂ ಬದುಕಿಯೇ ಇರಲಿಲ್ಲ ಅನಿಸಿಬಿಡುತ್ತದೆ.

ಆಮೇಲೆ ಖೆಡ್ಡಾ. ಕಾಡಾನೆ ಹಿಂಡನ್ನು ಸುತ್ತುವರಿದು, ಮೆಲ್ಲಗೆ ಓಡಿಸಿಕೊಂಡು ಬಂದು, ದಿಮ್ಮಿಗಳ ದೊಡ್ಡ ಬೇಲಿಯೊಳಗೆ ಹಿಡಿಯುವ ಕೆಲಸ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೈಸೂರು ಸೀಮೆಯಲ್ಲಿ ಆನೆ ಹಿಡಿಸುತ್ತಿದ್ದ ಸ್ಯಾಂಡರ್ಸನ್ ಎಂಬ ಅಧಿಕಾರಿ 1878ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಬೇಟೆಯ ಅಧ್ಯಾಯಗಳನ್ನು ಬಿಟ್ಟು, ಆನೆಯ ಸ್ವಭಾವದ ಬಗ್ಗೆ ಬರೆದದ್ದನ್ನು ಮಾತ್ರ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಇದರ ಜೊತೆಗೇ ನೋಡಬೇಕಾದ್ದು 1937ರ ‘ಎಲಿಫೆಂಟ್ ಬಾಯ್’ ಎಂಬ ಕಪ್ಪು ಬಿಳುಪು ಸಿನಿಮಾ. ಹೊರಗಿನ ದೃಶ್ಯಗಳನ್ನು ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯಲ್ಲೇ ತೆಗೆದರು. ಉಳಿದದ್ದನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಜೋಲ್ಟಾನ್ ಕೊರ್ಡಾ ತೆಗೆದರು. ಅದರ ನಾಯಕ ಸಾಬು, ಇದೇ ಕಾಡಂಚಿನ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಆ ಸಿನಿಮಾಕ್ಕಾಗಿ ಇಂಗ್ಲೆಂಡಿಗೆ ಹೋದ ಹುಡುಗ ಮುಂದೆ ಹಾಲಿವುಡ್ ನಟನಾದ. ಕತೆ ಕಿಪ್ಲಿಂಗನದು, ಅದರಲ್ಲಿ ಬಿಳಿಯರ ದೃಷ್ಟಿ ಇದ್ದೇ ಇದೆ. ಅದರ ಮೇಲೆ ನನಗೆ ಕೋಪವೂ ಬಂತು. ಆದರೆ ಆ ಹುಡುಗ ಆನೆಯ ಜೊತೆ ಇರುವ ರೀತಿಯಲ್ಲಿ ನಟನೆಯೇ ಕಾಣುವುದಿಲ್ಲ. ಆ ಭಾಗಗಳನ್ನು ನಾವು ಮತ್ತೆ ಮತ್ತೆ ಹಾಕಿಕೊಂಡು ನೋಡಿದ್ದೇವೆ.

1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಹೊಳೆಯ ಪಾತ್ರದ ಕಾಡು ಹಿನ್ನೀರಿನಲ್ಲಿ ಮುಳುಗಿತು. ಇಷ್ಟನ್ನು ತಿಳಿದುಕೊಂಡ ಮೇಲೆಯೇ ನಾವು ಹೊಸ ಸಾಕ್ಷ್ಯಚಿತ್ರಗಳಿಗೆ ಬಂದದ್ದು. ಕಬಿನಿಯ ಚಿತ್ರಗಳಲ್ಲಿ ನೀರಿನ ನಡುವೆ ಬೋಳು ಮರಗಳು ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿರುತ್ತದೆ. ಸುಮ್ನೆ ನೋಡಿದರೆ ಚೆಂದದ ಚಿತ್ರ ಅಷ್ಟೇ. ಅವು ಮುಳುಗಿದ ಕಾಡಿನ ಮರಗಳು ಅಂತ ಗೊತ್ತಾದ ಮೇಲೆ ನನಗೆ ಪ್ರಾಣಿಗಿಂತ ಹಿಂದಿನ ಮರಗಳ ಮೇಲೇ ಕಣ್ಣು ಹೋಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ಜಾಗದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿರುವಾಗ ನೂರಾರು ಆನೆ ಅಲ್ಲಿ ಬಂದು ಸೇರುತ್ತವೆ.

ಕರ್ನಾಟಕದ ಕಾಡು, ಪ್ರಾಣಿಗಳ ಸಾಕ್ಷ್ಯಚಿತ್ರ ‘ವೈಲ್ಡ್ ಕರ್ನಾಟಕ’ವನ್ನು ಕನ್ನಡದಲ್ಲೇ ನೋಡಿ, ರಿಷಬ್ ಶೆಟ್ಟಿ ದನಿ ಇದೆ. ಅಮ್ಮನಂಥವರಿಗೆ ಅಡಿಬರಹ ಓದುವ ಕಷ್ಟ ಇರುವುದಿಲ್ಲ. ಕಬಿನಿಯ ಕರಿಚಿರತೆಯ ಮೇಲೆ ವನ್ಯಜೀವಿ ಛಾಯಾಗ್ರಾಹಕ ಶಾಜ್ ಜಂಗ್ ತೆಗೆದದ್ದು ಇನ್ನೊಂದು. ಕರಿಚಿರತೆ ಬೇರೆ ಜಾತಿಯಲ್ಲ, ಮಾಮೂಲಿ ಚಿರತೆಯೇ, ಮೈಬಣ್ಣ ಮಾತ್ರ ಕಪ್ಪು. ಓರೆ ಬಿಸಿಲು ಬಿದ್ದಾಗ ನಿಲ್ಲಿಸಿ ನೋಡಿದರೆ ಕಪ್ಪಿನೊಳಗೇ ಚುಕ್ಕೆಗಳು ಕಾಣುತ್ತವೆ.

ಸಾಕ್ಷ್ಯಚಿತ್ರಗಳನ್ನು ನಾನು ಎರಡು ಸಲ ನೋಡುತ್ತೇನೆ. ಎರಡನೇ ಸಲ ಸದ್ದು ಪೂರ್ತಿ ತೆಗೆದು. ಇದಕ್ಕೆ ಕಾರಣ ಅಮ್ಮ. ಒಂದು ಚಿತ್ರದಲ್ಲಿ ಆನೆ ಧಡ್ ಧಡ್ ಅಂತ ನಡೆದು ಬರುತ್ತಿತ್ತು. “ಆನೆ ಹಂಗೆಲ್ಲ ಸದ್ದು ಮಾಡ್ಕೊಂಡು ಬರಲ್ಲ ಕಣೇ. ಪಕ್ಕಕ್ಕೆ ಬಂದ್ರೂ ಗೊತ್ತಾಗಲ್ಲ” ಅಂದರು. ಅವರು ಹೇಳಿದ್ದು ಸರಿ. ಆನೆಯ ಪಾದದಡಿ ಕೊಬ್ಬಿನ ಮೆತ್ತೆ ಇದೆ, ಅಷ್ಟು ಭಾರದ ಪ್ರಾಣಿ ಸದ್ದಿಲ್ಲದೆ ನಡೆಯುತ್ತದೆ. ಇಂಥ ಚಿತ್ರಗಳನ್ನು ಉದ್ದ ಲೆನ್ಸ್ ಹಾಕಿ ಬಹಳ ದೂರದಿಂದ ತೆಗೆಯುತ್ತಾರೆ. ಅಷ್ಟು ದೂರಕ್ಕೆ ಹೆಜ್ಜೆ ಸದ್ದು, ಹುಲ್ಲು ಅಗಿಯುವ ಸದ್ದು ಮೈಕಿಗೆ ಸಿಗುವುದಿಲ್ಲ. ಬಹಳಷ್ಟು ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಕೂಡಿಸುತ್ತಾರೆ. ಸಂಗೀತವೂ ಹಾಗೆಯೇ, ಎಲ್ಲಿ ಹೆದರಬೇಕು, ಎಲ್ಲಿ ಮರುಗಬೇಕು ಅಂತ ಅದೇ ಹೇಳಿಬಿಡುತ್ತದೆ. ಸದ್ದು ತೆಗೆದರೆ ಕಿವಿಯ ಅಲುಗಾಟ, ಸೊಂಡಿಲು ಎತ್ತಿ ಗಾಳಿ ಹಿಡಿಯುವುದು, ಮರಿ ತಾಯಿಯ ಹೊಟ್ಟೆ ಕೆಳಗೆ ಸೇರಿಕೊಳ್ಳುವುದು, ಇವೆಲ್ಲ ಕಣ್ಣಿಗೆ ಬೀಳುತ್ತವೆ.

ಕಾಡಿನ ನಿಜವಾದ ಸದ್ದು ಬೇಕಾದಾಗ ಕ್ಸೀನೋ ಕ್ಯಾಂಟೊ ತಾಣಕ್ಕೆ ಹೋಗುತ್ತೇನೆ. ಜನ ತಾವೇ ರೆಕಾರ್ಡ್ ಮಾಡಿದ ಹಕ್ಕಿ ಕೂಗುಗಳು ಅಲ್ಲಿ ಪುಕ್ಕಟೆ ಸಿಗುತ್ತವೆ, ಎಲ್ಲಿ ಯಾವಾಗ ರೆಕಾರ್ಡ್ ಆಯಿತು ಅನ್ನುವುದೂ ಇರುತ್ತದೆ. ಇನ್ನೊಂದು ಅಗತ್ಯದ ವಸ್ತು ನಕ್ಷೆ. ಕಬಿನಿ ವಯನಾಡಿನಿಂದ ಇಳಿದು ತಿ. ನರಸೀಪುರದಲ್ಲಿ ಕಾವೇರಿ ಸೇರುವವರೆಗಿನ ದಾರಿಯನ್ನು ಒಂದು ಡ್ರಾಯಿಂಗ್ ಹಾಳೆಯಲ್ಲಿ ನಾನೇ ಬರೆದು ಗೋಡೆಗೆ ಅಂಟಿಸಿದ್ದೇನೆ. ಓದುವಾಗ ಸಿಕ್ಕಿದ ಊರು, ಹಳ್ಳ, ಗುಡ್ಡಗಳನ್ನು ಅದರಲ್ಲಿ ಸೇರಿಸುತ್ತಾ ಬರುತ್ತೇನೆ. ಖಾಲಿ ಇರುವುದು ಹೊಳೆಯ ದಕ್ಷಿಣದ ಬಂಡೀಪುರದ ಕಡೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದು, ಓದಲು ಬೇಕಾದಷ್ಟಿದೆ. ಮುಂದಿನ ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೇನೆ.