ಬೋನ್ ಸ್ಕ್ಯಾನ್ ಕಲಿಯುವವರಿಗೆ: ಮೊದಲು ನಾರ್ಮಲ್ ನೋಟ್‌ಬುಕ್ ಮಾಡಿ

ಬಳ್ಳಾರಿಯ ಮೆಡಿಕಲ್ ಪಿಜಿ ಗೆಳೆಯರೇ, ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣ ಸೂಸುವ ಔಷಧಿ ಕೊಟ್ಟು ಸ್ಕ್ಯಾನ್ ಮಾಡುವ ವಿಭಾಗ) ಪೋಸ್ಟಿಂಗ್‌ಗೆ ಹೋಗುವವರು ಒಂದು ನೋಟ್‌ಬುಕ್ ಇಟ್ಕೊಳ್ಳಿ. ಮೊದಲ ಇಪ್ಪತ್ತು ಪುಟ ಬರೀ ನಾರ್ಮಲ್ ಸ್ಕ್ಯಾನ್‌ಗಳಿಗೆ.

ಟೆಕ್ನೀಷಿಯಂ-99ಎಂ ಎಂಡಿಪಿ (ಎಲುಬಿಗೆ ಅಂಟಿಕೊಂಡು, ಉಳಿದದ್ದು ಮೂತ್ರದಲ್ಲಿ ಹೊರಹೋಗುವ ವಿಕಿರಣ ಸೂಸುವ ಔಷಧಿ) ಕೊಟ್ಟು ಸುಮಾರು 3 ಗಂಟೆ ಆದಮೇಲೆ ತೆಗೆದ ಚಿತ್ರದಲ್ಲಿ ಕಿಡ್ನಿ, ಮೂತ್ರಕೋಶ, ಎಸ್‌ಐ ಜಾಯಿಂಟ್ (ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಸೇರುವ ಕೀಲು) ಎದ್ದು ಕಾಣುವುದು ಸಹಜ. ಮಕ್ಕಳಲ್ಲಿ ಗ್ರೋತ್ ಪ್ಲೇಟ್ (ಎಲುಬಿನ ತುದಿಯ ಬಳಿ ಬೆಳೆಯುವ ಭಾಗ) ಕೂಡ.

ಖಾಲಿ ಅಸ್ಥಿಪಂಜರದ ಚಿತ್ರವನ್ನು ಜೆರಾಕ್ಸ್ ಮಾಡಿಸಿ. ಪ್ರತಿ ಕೇಸಿಗೂ ಒಂದು ಹಾಳೆ. ರಿಪೋರ್ಟ್ ನೋಡುವ ಮುಂಚೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಎರಡು ಸಾಲು ಬರೆಯಿರಿ. ಆಮೇಲೆ ಹೋಲಿಸಿ. ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇದೇ.

ಒಮ್ಮೆ ಒಬ್ಬ ಅಜ್ಜನ ತೊಡೆಯ ಮೇಲೆ ಗಾಢ ಚುಕ್ಕೆ ಕಂಡು ಕ್ಯಾನ್ಸರ್ ಹರಡಿದೆ ಅಂತ ಬರೆದಿದ್ದೆ. ನಮ್ಮ ಸೀನಿಯರ್ ಮೇಡಂ ತೊಡೆ ತೊಳೆಸಿ, ಲುಂಗಿ ಬದಲಿಸಿ ಮತ್ತೆ ಚಿತ್ರ ತೆಗೆಸಿದರು. ಚುಕ್ಕೆ ಮಾಯ. ಅದು ಮೂತ್ರದ ಹನಿ! ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಅಕ್ಕಪಕ್ಕದ ಪಕ್ಕೆಲುಬುಗಳಲ್ಲಿ ಒಂದೇ ನೇರಕ್ಕೆ ಚುಕ್ಕೆ ಇದ್ದರೆ, "ಎಲ್ಲಾದ್ರೂ ಬಿದ್ದಿದ್ರಾ?" ಅಂತ ಮೊದಲು ಕೇಳಿ; ಪೆಟ್ಟಿನಿಂದಲೂ ಹಾಗೆ ಕಾಣಬಹುದು.

ನಮ್ಮ ಕಡೆಯವರಿಗೆ ಮುಖ್ಯವಾದದ್ದು ಇನ್ನೊಂದಿದೆ. ಎಲುಬೆಲ್ಲ ಗಾಢವಾಗಿ, ಕಿಡ್ನಿ ಮಸುಕಾಗಿ ಕಂಡರೆ ಅದು ಸೂಪರ್‌ಸ್ಕ್ಯಾನ್. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದಾಗ ಹೀಗಾಗುತ್ತದೆ, ನಿಜ. ಆದರೆ ಫ್ಲೋರೋಸಿಸ್‌ನಲ್ಲೂ (ಫ್ಲೋರೈಡ್ ಜಾಸ್ತಿ ಸೇರಿ ಎಲುಬಿಗೆ ಬರುವ ಕಾಯಿಲೆ) ಆಗಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಲ್ವಾ? ಅದಕ್ಕೇ ಹಾಳೆಯ ಮೂಲೆಯಲ್ಲಿ ರೋಗಿಯ ಊರು, ಕುಡಿಯುವ ನೀರು ಎಲ್ಲಿಂದ ಅನ್ನೋದನ್ನೂ ಬರೆದುಕೊಳ್ಳಿ. ಹೆಸರು ಮಾತ್ರ ಬೇಡ.