ವಿದೇಶದಲ್ಲಿ ಉಗ್ರರ ದಾಳಿಗೆ ಸಿಕ್ಕಿದರೆ ಬ್ರಿಟನ್ ಸರ್ಕಾರದಿಂದ ಪರಿಹಾರ: ಅರ್ಜಿ ಹಾಕುವುದು ಹೇಗೆ?

2008ರ ನವೆಂಬರ್ 26. ಮುಂಬೈನ ತಾಜ್ ಹೋಟೆಲಿನಲ್ಲಿ ಸಿಕ್ಕಿಬಿದ್ದಿದ್ದ ಬ್ರಿಟನ್ನಿನ ಯುವಕನೊಬ್ಬ ಚಾದರ, ಪರದೆಗಳನ್ನು ಒಂದಕ್ಕೊಂದು ಗಂಟು ಹಾಕಿ ಮೂರನೇ ಮಹಡಿಯ ಕಿಟಕಿಯಿಂದ ಇಳಿಯಲು ಹೋಗಿ ಕೆಳಗೆ ಬಿದ್ದ. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ದೇಶಕ್ಕೆ ಮರಳಿದ ಮೇಲೆ ಅವನಿಗೆ ಗೊತ್ತಾಗಿದ್ದು ಇಷ್ಟು: 2005ರಲ್ಲಿ ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿದಾಗ ಗಾಯಗೊಂಡವರಿಗೆ ಸರ್ಕಾರದ ಪರಿಹಾರ ಇದೆ, ಅದೇ ಥರದ ಗಾಯ ಬೇರೆ ದೇಶದಲ್ಲಾದರೆ ಇಲ್ಲ. ಪ್ರವಾಸ ವಿಮೆಯನ್ನು ನಂಬೋಣವೆಂದರೆ ಆಗಿನ ಬಹಳಷ್ಟು ಪಾಲಿಸಿಗಳು ಭಯೋತ್ಪಾದನೆಯನ್ನು ಹೊರಗಿಟ್ಟಿದ್ದವು.

ಅವನೂ, ಅವನಂಥ ಬೇರೆ ಸಂತ್ರಸ್ತರೂ ಪಟ್ಟು ಬಿಡದೆ ಹೋರಾಡಿದರು. 2010ರಲ್ಲಿ ಕ್ರೈಂ ಅಂಡ್ ಸೆಕ್ಯುರಿಟಿ ಆಕ್ಟ್ ಬಂತು. ಅದರಡಿ 2012ರ ನವೆಂಬರ್ 27ರಿಂದ ‘ವಿಕ್ಟಿಮ್ಸ್ ಆಫ್ ಓವರ್‌ಸೀಸ್ ಟೆರರಿಸಂ ಕಾಂಪೆನ್ಸೇಷನ್ ಸ್ಕೀಮ್’, ಅಂದರೆ ವಿದೇಶದಲ್ಲಿ ಉಗ್ರರ ದಾಳಿಗೆ ಸಿಕ್ಕವರಿಗೆ ಪರಿಹಾರ ಕೊಡುವ ಯೋಜನೆ, ಜಾರಿಯಾಯಿತು. ಅಂದರೆ ಇದು ಯಾರೋ ದಯೆ ತೋರಿ ಕೊಡುವ ದುಡ್ಡಲ್ಲ, ಕಾನೂನಿನ ಹಕ್ಕು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ತಿಳಿದಿರಬೇಕು. ಊರಿನಲ್ಲಿರುವ ಅವರ ಅಪ್ಪ ಅಮ್ಮಂದಿರೂ ತಿಳಿದಿದ್ದರೆ ಒಳ್ಳೆಯದು. ಯಾಕೆಂದರೆ ಬೇಕಾಗುವ ಕಾಗದಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹೋಗಬೇಕು.

ಮೊದಲು, ಆ ದಾಳಿ ಪಟ್ಟಿಯಲ್ಲಿದೆಯಾ ನೋಡಿ

ವಿದೇಶದಲ್ಲಿ ನಡೆದ ಪ್ರತಿ ಹಿಂಸೆಗೂ ಈ ಯೋಜನೆ ಅನ್ವಯಿಸುವುದಿಲ್ಲ. ‘ಇದು ಭಯೋತ್ಪಾದಕ ಕೃತ್ಯ’ ಎಂದು ಬ್ರಿಟನ್ನಿನ ವಿದೇಶಾಂಗ ಸಚಿವರು ಅಧಿಕೃತವಾಗಿ ಗುರುತಿಸಬೇಕು. 2015ರ ಜೂನ್ 26ರಂದು ಟ್ಯುನಿಷಿಯಾದ ಸೂಸ್ ಕಡಲ ತೀರದಲ್ಲಿ ಬಂದೂಕುಧಾರಿಯೊಬ್ಬ 38 ಜನರನ್ನು ಕೊಂದ. ಅವರಲ್ಲಿ 30 ಮಂದಿ ಬ್ರಿಟಿಷರು. ಆ ದಾಳಿಯನ್ನು ಹೀಗೆ ಗುರುತಿಸಲಾಗಿತ್ತು. ಗುರುತಿಸಿದ ದಾಳಿಗಳ ಪಟ್ಟಿ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಸಿಗುತ್ತದೆ. ಸುದ್ದಿವಾಹಿನಿಗಳು ಉಗ್ರರ ದಾಳಿ ಎಂದು ಹೇಳಿದ ಮಾತ್ರಕ್ಕೆ ಸಾಲದು.

ಯಾರು ಅರ್ಜಿ ಹಾಕಬಹುದು?

ಎರಡು ಷರತ್ತುಗಳಿವೆ. ಒಂದು, ಬ್ರಿಟಿಷ್ ಪ್ರಜೆಯಾಗಿರಬೇಕು, ಇಲ್ಲವೇ ಯೋಜನೆ ಹೆಸರಿಸಿರುವ ಬೇರೆ ವರ್ಗಗಳಲ್ಲಿ ಬರಬೇಕು. ಬ್ರಿಟಿಷ್ ಪ್ರಜೆಯ ಹತ್ತಿರದ ಸಂಬಂಧಿ, ಸೇನೆಯಲ್ಲಿರುವವರು ಆ ವರ್ಗಗಳಲ್ಲಿದ್ದಾರೆ. ಎರಡು, ದಾಳಿಗೆ ಮುಂಚಿನ 3 ವರ್ಷ ಬ್ರಿಟನ್ನಿನಲ್ಲೇ ವಾಸವಾಗಿರಬೇಕು.

ನಮ್ಮ ಬಹಳಷ್ಟು ಜನ ಎಡವುವುದು ಮೊದಲ ಷರತ್ತಿನಲ್ಲಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವರ್ಕ್ ವೀಸಾದ ಮೇಲೆ ಲಂಡನ್ನಿನಲ್ಲಿ ದುಡಿಯುವ, ಅಲ್ಲೇ ತೆರಿಗೆ ಕಟ್ಟುವ ಸಾಫ್ಟ್‌ವೇರ್ ಎಂಜಿನಿಯರ್ ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಗಂಡನೋ ಹೆಂಡತಿಯೋ ಬ್ರಿಟಿಷ್ ಪ್ರಜೆಯಾಗಿದ್ದರೆ ಸುಮ್ನೆ ಕೈಚೆಲ್ಲಬೇಡಿ. ‘ಹತ್ತಿರದ ಸಂಬಂಧಿ’ಯಾಗಿ ಅರ್ಹತೆ ಇದೆಯಾ ಎಂದು ವಿಚಾರಿಸಿ.

ಇನ್ನೊಂದು ಎಚ್ಚರಿಕೆ. ‘ಈ ಪ್ರದೇಶಕ್ಕೆ ಯಾವ ಕಾರಣಕ್ಕೂ ಹೋಗಬೇಡಿ’ ಎಂದು ಬ್ರಿಟನ್ನಿನ ವಿದೇಶಾಂಗ ಕಚೇರಿ ಸೂಚನೆ ಕೊಟ್ಟಿದ್ದ ಜಾಗಕ್ಕೆ ಹೋಗಿದ್ದರೆ ಪರಿಹಾರಕ್ಕೇ ಕುತ್ತು ಬರಬಹುದು. ಟಿಕೆಟ್ ಬುಕ್ ಮಾಡುವ ಮುಂಚೆ ಆ ಸೂಚನೆ ನೋಡಿ.

ಸಾವಿನ ಪ್ರಕರಣದಲ್ಲಿ ಗಂಡ ಅಥವಾ ಹೆಂಡತಿ, ಜೊತೆಯಲ್ಲಿ ಬಾಳುತ್ತಿದ್ದ ಸಂಗಾತಿ, ಅಪ್ಪ ಅಮ್ಮ, ಮಕ್ಕಳು ಅರ್ಜಿ ಹಾಕಬಹುದು. ಒಡಹುಟ್ಟಿದವರಿಗೆ ಜಾಗವಿಲ್ಲ. ಅಣ್ಣನನ್ನು ಕಳೆದುಕೊಂಡ ತಂಗಿಯ ದುಃಖಕ್ಕೆ ಈ ಪಟ್ಟಿಯಲ್ಲಿ ಲೆಕ್ಕವಿಲ್ಲ. ಆಸ್ಟ್ರೇಲಿಯಾ ಈ ವಿಷಯದಲ್ಲಿ ಉದಾರಿ. ಅಲ್ಲಿಯ ಇಂಥದೇ ಯೋಜನೆಯಲ್ಲಿ ಒಡಹುಟ್ಟಿದವರೂ ಸೇರುತ್ತಾರೆ. ಪೌರತ್ವವೇ ಬೇಕೆಂದಿಲ್ಲ, ಪಿಆರ್ (ಕಾಯಂ ವಾಸದ ಅನುಮತಿ) ಪಡೆದು ಅಲ್ಲಿ ನೆಲೆಸಿದವರಿಗೂ ಹಕ್ಕಿದೆ. ಗರಿಷ್ಠ ಮೊತ್ತ 75,000 ಆಸ್ಟ್ರೇಲಿಯನ್ ಡಾಲರ್.

ಕಾಗದಪತ್ರ: ಕೆಲಸ ನಿಲ್ಲುವುದೇ ಇಲ್ಲಿ

ದಾಳಿಯಾದ ಮೊದಲ ವಾರದಲ್ಲಿ ಯಾರ ತಲೆಯಲ್ಲೂ ಪರಿಹಾರದ ಯೋಚನೆ ಇರುವುದಿಲ್ಲ. ಇರಬಾರದು ಕೂಡ. ಆದರೆ ಮುಂದೆ ಬೇಕಾಗುವ ಕಾಗದಗಳು ಸುಲಭವಾಗಿ ಸಿಗುವುದು ಆ ವಾರದಲ್ಲೇ. ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಬಿಲ್ಲು ಎಲ್ಲವನ್ನೂ ಕೇಳಿ ಪಡೆಯಿರಿ. ಅರಬ್ಬಿಯಲ್ಲಿರಲಿ, ಫ್ರೆಂಚ್‌ನಲ್ಲಿರಲಿ, ತೆಗೆದುಕೊಳ್ಳಿ. ಅನುವಾದ ಆಮೇಲೆ ಮಾಡಿಸಬಹುದು. ಆರು ತಿಂಗಳ ನಂತರ ಬೇರೆ ದೇಶದ ಆಸ್ಪತ್ರೆಗೆ ಇಮೇಲ್ ಬರೆದು ಹಳೇ ದಾಖಲೆ ತರಿಸುವುದು ದೊಡ್ಡ ತಾಪತ್ರಯ. ನೀವು ಆ ದಿನ ಅಲ್ಲಿದ್ದಿರಿ ಎಂದು ತೋರಿಸುವ ಏನೇ ಇದ್ದರೂ ಬಿಸಾಡಬೇಡಿ. ಬೋರ್ಡಿಂಗ್ ಪಾಸ್, ಹೋಟೆಲ್ ಬುಕಿಂಗ್, ಕಾರ್ಡ್ ಉಜ್ಜಿದ ರಸೀದಿ, ಸ್ಥಳೀಯ ಪೊಲೀಸರಿಗೆ ಕೊಟ್ಟ ಹೇಳಿಕೆಯ ಪ್ರತಿ, ರಾಯಭಾರ ಕಚೇರಿಯವರೊಂದಿಗಿನ ಪತ್ರ ವ್ಯವಹಾರ ಎಲ್ಲವೂ ಸಾಕ್ಷಿ.

ಕನ್ನಡಿಗರಿಗೆ ಎರಡು ಕಡೆ ವಿಶೇಷ ತೊಡಕು ಎದುರಾಗುತ್ತದೆ.

ಮೊದಲನೆಯದು ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ. ವಿದೇಶದ ಆಸ್ಪತ್ರೆಯವರು ಅದನ್ನೇ ರೋಗಿಯ ಹೆಸರು ಎಂದು ಬರೆದುಕೊಳ್ಳುತ್ತಾರೆ. ‘ಕೆ. ಆರ್. ಮಂಜುನಾಥ’ ಎಂಬುವರ ಕೇಸ್ ಶೀಟಿನಲ್ಲಿ ಬರೀ ‘ರಾಮಯ್ಯ’ ಅಂತ ಇದ್ದರೆ ಆ ಗಾಯ ಮಂಜುನಾಥರದ್ದೇ ಎಂದು ಯಾರು ನಂಬಬೇಕು? ಹಾಸಿಗೆಯ ಪಕ್ಕ ಇರುವವರು ಪಾಸ್‌ಪೋರ್ಟ್ ತೋರಿಸಿ ಹೆಸರನ್ನು ಅಕ್ಷರ ಅಕ್ಷರ ಸರಿಪಡಿಸಿ ಬರೆಸಿ, ಪಾಸ್‌ಪೋರ್ಟ್ ಸಂಖ್ಯೆಯನ್ನೂ ಹಾಕಿಸಿ. ಕೈಮೀರಿ ಹೋಗಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಬೇಕಾಗುತ್ತದೆ.

ಎರಡನೆಯದು ಸಂಬಂಧದ ದಾಖಲೆ. ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಮುಂದೆ ತಾಳಿ ಕಟ್ಟಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗದಿದ್ದರೆ ಅಲ್ಲಿಯ ಅಧಿಕಾರಿಗೆ ತೋರಿಸಲು ಏನೂ ಇರುವುದಿಲ್ಲ. ಆಮಂತ್ರಣ ಪತ್ರಿಕೆ, ಆಲ್ಬಂ ಪೂರಕ ಸಾಕ್ಷಿ ಅಷ್ಟೇ. ಕರ್ನಾಟಕದಲ್ಲಿ ಈಗ ಹಿಂದೂ ವಿವಾಹ ನೋಂದಣಿಯನ್ನು ರಾಜ್ಯ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ಮಾಡಬಹುದು. ಮಗ, ಮಗಳು ವಿದೇಶದಲ್ಲಿದ್ದರೆ ಅವರ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಈಗಲೇ ಒಂದು ಕಡೆ ತೆಗೆದಿಡಿ. ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ತೋರಿಸುವ ಮುದ್ರೆ) ಕೇಳಿದರೆ ಅದನ್ನು ಕೊಡುವುದು ಭಾರತದ ವಿದೇಶಾಂಗ ಸಚಿವಾಲಯ. ಅದಕ್ಕೂ ಮೊದಲು ರಾಜ್ಯ ಮಟ್ಟದ ದೃಢೀಕರಣ ಆಗಬೇಕಾಗುತ್ತದೆ.

ಅರ್ಜಿ ಎಲ್ಲಿ, ಯಾವಾಗ?

ಅರ್ಜಿ ಪರಿಶೀಲಿಸುವುದು ಗ್ಲಾಸ್ಗೋದಲ್ಲಿರುವ ಕ್ರಿಮಿನಲ್ ಇಂಜುರೀಸ್ ಕಾಂಪೆನ್ಸೇಷನ್ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆ. ಅಲ್ಲಿಗೆ ಹೋಗಬೇಕಿಲ್ಲ, ಅರ್ಜಿಗೆ ಶುಲ್ಕವೂ ಇಲ್ಲ. ಗಡುವು ದಾಳಿ ನಡೆದು 2 ವರ್ಷ. ಅಸಾಧಾರಣ ಕಾರಣವಿದ್ದರೆ ಮಾತ್ರ ತಡವಾದ ಅರ್ಜಿಯನ್ನು ಪರಿಗಣಿಸುತ್ತಾರೆ. ಚಿಕಿತ್ಸೆ ಮುಗಿಯಲಿ, ಎಲ್ಲ ಕಾಗದ ಬರಲಿ ಎಂದು ಕಾಯಬೇಡಿ. ಅರ್ಜಿ ಮೊದಲು ಹೋಗಲಿ. ಬಾಕಿ ದಾಖಲೆಗಳನ್ನು ಆಮೇಲೆ ಸೇರಿಸಬಹುದು.

ವಕೀಲರು ಬೇಕೇಬೇಕು ಎಂದಿಲ್ಲ. ‘ಗೆದ್ದರೆ ಮಾತ್ರ ಫೀಸು’ ಎನ್ನುವವರು ಬಂದ ಪರಿಹಾರದಲ್ಲೇ ಪಾಲು ತೆಗೆದುಕೊಳ್ಳುತ್ತಾರೆ, ಅದನ್ನು ಸರ್ಕಾರ ಮರಳಿ ತುಂಬಿಕೊಡುವುದಿಲ್ಲ. ವಿಕ್ಟಿಮ್ ಸಪೋರ್ಟ್ ಎಂಬ ಸಂಸ್ಥೆ ಉಚಿತವಾಗಿ ನೆರವಾಗುತ್ತದೆ. ಸರ್ಕಾರವೇ 2017ರಲ್ಲಿ ವಿಕ್ಟಿಮ್ಸ್ ಆಫ್ ಟೆರರಿಸಂ ಯೂನಿಟ್ ಶುರು ಮಾಡಿದೆ. ಮೊದಲು ಇವರನ್ನು ಕೇಳಿ.

ಎಷ್ಟು ಸಿಗುತ್ತದೆ?

ಯಾವ ಗಾಯಕ್ಕೆ ಎಷ್ಟು ಎಂಬ ದರಪಟ್ಟಿ ಇದೆ. 1,000 ಪೌಂಡಿನಿಂದ 2,50,000 ಪೌಂಡಿನವರೆಗೆ. ಎಲ್ಲ ಸೇರಿ ಒಬ್ಬರಿಗೆ 5,00,000 ಪೌಂಡಿಗಿಂತ ಜಾಸ್ತಿ ಕೊಡುವಂತಿಲ್ಲ.

ಒಂದಕ್ಕಿಂತ ಹೆಚ್ಚು ಗಾಯ ಇದ್ದರೆ ಎಲ್ಲವನ್ನೂ ಪೂರ್ತಿ ಕೂಡಿಸುವುದಿಲ್ಲ. ಅತಿ ದೊಡ್ಡ ಗಾಯಕ್ಕೆ ಪೂರಾ ಮೊತ್ತ, ಎರಡನೆಯದಕ್ಕೆ ಶೇ 30, ಮೂರನೆಯದಕ್ಕೆ ಶೇ 15, ಅಲ್ಲಿಗೆ ಮುಗಿಯಿತು. ಲೆಕ್ಕ ಸುಲಭವಾಗಲೆಂದು ಮೂರು ಗಾಯಕ್ಕೆ 20,000, 10,000, 4,000 ಪೌಂಡ್ ಎಂದುಕೊಳ್ಳಿ. ಕೈಗೆ ಬರುವುದು 34,000 ಅಲ್ಲ. 20,000ಕ್ಕೆ 3,000, ಮತ್ತೆ 600 ಸೇರಿ 23,600 ಪೌಂಡ್. ಹೀಗಾಗಿ ಯಾವ ಗಾಯ ಎಷ್ಟು ಗಂಭೀರ ಎಂಬುದನ್ನು ವೈದ್ಯರ ವರದಿ ಸ್ಪಷ್ಟವಾಗಿ ಹೇಳಬೇಕು.

ಮನಸ್ಸಿಗಾದ ಗಾಯವೂ ಗಾಯವೇ. ಪಟಾಕಿ ಸದ್ದಿಗೆ ನಡುಗುವುದು, ನಿದ್ದೆ ಬಾರದಿರುವುದು, ಜನಜಂಗುಳಿಗೆ ಹೋಗಲಾರದೆ ಕೆಲಸ ಬಿಡುವುದು, ಇವನ್ನು ನಮ್ಮವರು ಬಾಯಿಬಿಟ್ಟು ಹೇಳುವುದೇ ಕಡಿಮೆ ಅಲ್ವಾ? ಹೇಳಿ. ಆದರೆ ಕುಟುಂಬ ವೈದ್ಯರ ಚೀಟಿ ಸಾಲದು. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷಿಸಿ ಬರೆದುಕೊಡಬೇಕು.

ದುಡಿಮೆ ನಿಂತದ್ದಕ್ಕೂ ಹಣ ಕೇಳಬಹುದು. ಆದರೆ ಮೊದಲ 28 ವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೂ ಕೊಡುವುದು ನಿಮ್ಮ ಸಂಬಳದ ದರದಲ್ಲಿ ಅಲ್ಲ, ಬ್ರಿಟನ್ನಿನಲ್ಲಿ ಕಾನೂನು ನಿಗದಿಪಡಿಸಿರುವ ಕಾಯಿಲೆ ರಜೆಯ ಭತ್ಯೆಯ ದರದಲ್ಲಿ. ದೊಡ್ಡ ಸಂಬಳದವರಿಗೆ ಇದು ನಿರಾಸೆಯ ಮಾತು. ಮೊದಲೇ ತಿಳಿದಿದ್ದರೆ ಮನೆ ಸಾಲದ ಕಂತಿನ ಬಗ್ಗೆ ಬ್ಯಾಂಕಿನ ಜೊತೆ ಬೇಗ ಮಾತಾಡಬಹುದು.

ಸಾವಾದರೆ ಅರ್ಹ ಸಂಬಂಧಿ ಒಬ್ಬರೇ ಇದ್ದಾಗ 11,000 ಪೌಂಡ್, ಹೆಚ್ಚು ಮಂದಿಯಿದ್ದರೆ ತಲಾ 5,500. ಅಂತ್ಯಕ್ರಿಯೆಗೆ 2,500, ರಸೀದಿ ತೋರಿಸಿದರೆ 5,000ದವರೆಗೆ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿಗೆ 18 ತುಂಬುವವರೆಗೆ ವರ್ಷಕ್ಕೆ 2,000. ಇವು ಸಣ್ಣ ಮೊತ್ತಗಳು, ದೊಡ್ಡವೆಂದು ನಾನು ಹೇಳಲಾರೆ.

ಇದೇ ದಾಳಿಗೆ ಬೇರೆ ಕಡೆಯಿಂದ ಪರಿಹಾರ ಬಂದರೆ ಅಷ್ಟನ್ನು ಕಳೆಯುತ್ತಾರೆ. ಮುಚ್ಚಿಡಬೇಡಿ. ಹಾಗಂತ ಬೇರೆ ಬಾಗಿಲು ತಟ್ಟದೇ ಇರಬೇಡಿ. ಫ್ರಾನ್ಸಿನಲ್ಲಿ ದಾಳಿಯಾದರೆ ಅಲ್ಲಿಯ ಸಂತ್ರಸ್ತರ ಖಾತರಿ ನಿಧಿ ಯಾವ ದೇಶದವರಿಗೂ ಪರಿಹಾರ ಕೊಡುತ್ತದೆ. 1986ರಿಂದ ಇರುವ ಈ ನಿಧಿಗೆ ದುಡ್ಡು ಬರುವುದು ಅಲ್ಲಿಯ ಆಸ್ತಿ ವಿಮೆಗಳ ಮೇಲಿನ ಸಣ್ಣ ಸೆಸ್‌ನಿಂದ. ಭಾರತದ ಪಾಸ್‌ಪೋರ್ಟಿನವರೂ ಕೇಳಬಹುದು.

ತಿರಸ್ಕರಿಸಿದರೆ

ತೀರ್ಮಾನದ ಪತ್ರ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಒಪ್ಪಿಗೆಯಾಗದಿದ್ದರೆ 56 ದಿನದೊಳಗೆ ಮರುಪರಿಶೀಲನೆ ಕೇಳಬೇಕು. ಆಗ ಬೇರೊಬ್ಬ ಅಧಿಕಾರಿ ನೋಡುತ್ತಾರೆ. ಬರೀ ‘ಅನ್ಯಾಯವಾಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ಪತ್ರದಲ್ಲಿ ಕೊಟ್ಟಿರುವ ಒಂದೊಂದು ಕಾರಣಕ್ಕೂ ಒಂದೊಂದು ದಾಖಲೆ ಲಗತ್ತಿಸಿ. ಮರುಪರಿಶೀಲನೆಯಲ್ಲೂ ಮೊತ್ತ ಕಡಿಮೆ ಆಗುವ ಸಾಧ್ಯತೆ ಉಂಟು, ನೆನಪಿರಲಿ. ಅಲ್ಲೂ ಸೋತರೆ 90 ದಿನದೊಳಗೆ ಫಸ್ಟ್ ಟಿಯರ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿಗೆ ಮೇಲ್ಮನವಿ.

ಭಾರತದ ಪಾಸ್‌ಪೋರ್ಟ್ ಮಾತ್ರ ಇದ್ದರೆ

ಉಗ್ರರ ದಾಳಿಗೆ ಬಲಿಯಾದ ನಾಗರಿಕರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಕೊಡುವ ಕೇಂದ್ರದ ಯೋಜನೆ ಇರುವುದು ಭಾರತದ ನೆಲದ ಘಟನೆಗಳಿಗೆ. ಹೊರದೇಶದ ದಾಳಿಗೆ ಬ್ರಿಟನ್ನಿನಂಥ ಕಾನೂನಿನ ಹಕ್ಕು ನಮ್ಮಲ್ಲಿಲ್ಲ. ಘಟನೆ ನೋಡಿ ಸರ್ಕಾರ ಘೋಷಿಸಬೇಕು. ಇರಾಕಿನ ಮೊಸುಲ್‌ನಲ್ಲಿ ಉಗ್ರರು ಅಪಹರಿಸಿ ಕೊಂದ 39 ಕಾರ್ಮಿಕರ ಕುಟುಂಬಗಳಿಗೆ 2018ರಲ್ಲಿ ಪ್ರಧಾನಿ ತಲಾ 10 ಲಕ್ಷ ಘೋಷಿಸಿದ್ದು ಹಾಗೆಯೇ.

2019ರ ಏಪ್ರಿಲ್ 21ರ ಈಸ್ಟರ್ ಬಾಂಬ್ ದಾಳಿಯಲ್ಲಿ ಕೊಲಂಬೊದ ಶಾಂಗ್ರಿಲಾ ಹೋಟೆಲಿನಲ್ಲಿದ್ದ ನೆಲಮಂಗಲ, ತುಮಕೂರು ಕಡೆಯವರೂ ತೀರಿಕೊಂಡದ್ದು ನಮಗೆಲ್ಲ ಗೊತ್ತಿದೆ. ಮುನ್ಸೂಚನೆ ಇದ್ದೂ ದಾಳಿ ತಡೆಯಲಿಲ್ಲವೆಂದು ಶ್ರೀಲಂಕಾದ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನಾ ತಮ್ಮ ಕೈಯಿಂದಲೇ 10 ಕೋಟಿ ಶ್ರೀಲಂಕಾ ರೂಪಾಯಿ ಕಟ್ಟಬೇಕೆಂದು ಆದೇಶಿಸಿತು. ದಾಳಿ ನಡೆದ ದೇಶದ ಕೋರ್ಟು, ಪರಿಹಾರ ಕಚೇರಿಗಳ ಮೇಲೂ ಕಣ್ಣಿಡಬೇಕು ಎನ್ನುವುದು ಇದಕ್ಕೇ.

ತುರ್ತಿಗೆ ಭಾರತದ ರಾಯಭಾರ ಕಚೇರಿಯನ್ನು ಸಂಪರ್ಕಿಸಿ ‘ಇಂಡಿಯನ್ ಕಮ್ಯುನಿಟಿ ವೆಲ್ಫೇರ್ ಫಂಡ್’ ಹೆಸರು ಹೇಳಿಯೇ ಕೇಳಿ. ಕಷ್ಟದಲ್ಲಿರುವವರ ತುರ್ತು ಚಿಕಿತ್ಸೆಗೆ, ಪಾರ್ಥಿವ ಶರೀರ ಊರಿಗೆ ತರಲು ಅದರಲ್ಲಿ ಹಣ ಸಿಗುತ್ತದೆ. ಇಸಿಆರ್ (ದುಡಿಯಲು ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿನಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆ ಕಡ್ಡಾಯ. ಅದರ ಪಾಲಿಸಿ ಸಂಖ್ಯೆ ಮನೆಯವರ ಬಳಿಯೂ ಇರಲಿ. ಖಾಸಗಿ ಪ್ರವಾಸ ವಿಮೆ ತೆಗೆದುಕೊಳ್ಳುವವರು ಹಣ ಕಟ್ಟುವ ಮುನ್ನ ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿ ಭಯೋತ್ಪಾದನೆ ಇದೆಯಾ ಎಂದು ಹುಡುಕಿ. ಇದ್ದರೆ ಆ ಪಾಲಿಸಿ ಬಿಟ್ಟು ಬೇರೆಯದನ್ನು ನೋಡಿ.