ಘಟ್ಟ ದಾಟುವ ಮೊದಲು: ಉತ್ತರ ಕನ್ನಡದಲ್ಲಿ ಮನಸ್ಸಿನ ಚಿಕಿತ್ಸೆಗೆ ಎಲ್ಲಿಗೆ, ಹೇಗೆ ಹೋಗಬೇಕು

ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಇದೆ ಎಂದು ಅನುಮಾನ ಬಂದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಕೇಳುವ ಮಾತು ‘ಧಾರವಾಡಕ್ಕೆ ಕರ್ಕೊಂಡು ಹೋಗುವ’ ಅಥವಾ ‘ಮಣಿಪಾಲಕ್ಕೇ ಹೋದ್ರೆ ಒಳ್ಳೇದು’. ಬಾಡಿಗೆ ಕಾರು ಮಾಡಿ, ಒಂದು ದಿನದ ಕೆಲಸ ಬಿಟ್ಟು ಹೋಗಿಯೂ ಬರುತ್ತಾರೆ. ಒಂದು ತಿಂಗಳ ಮಾತ್ರೆ ಕೊಡುತ್ತಾರೆ. ಅದು ಮುಗಿಯುವ ಹೊತ್ತಿಗೆ ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ಬಂದಿರುತ್ತದೆ, ಇಲ್ಲವೇ ಗುಡ್ಡ ಕುಸಿದು ಘಟ್ಟದ ರಸ್ತೆ ಬಂದಾಗಿರುತ್ತದೆ, ಇಲ್ಲವೇ ಕೈಯಲ್ಲಿ ಕಾಸಿರುವುದಿಲ್ಲ. ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಖಿನ್ನತೆಗಾಗಲಿ ಆತಂಕಕ್ಕಾಗಲಿ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕಾದ್ದು. ಹಾಗಾಗಿ ಹೆಸರುವಾಸಿ ಆಸ್ಪತ್ರೆಗಿಂತ, ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದ, ಮತ್ತೆ ಮತ್ತೆ ಹೋಗಲು ಆಗುವ ಆಸ್ಪತ್ರೆಯನ್ನೇ ಮೊದಲು ಹಿಡಿಯಿರಿ.

ಈಗಲೇ ಅಪಾಯವಿದ್ದರೆ

ಸಾಯುವ ಮಾತಾಡುತ್ತಿದ್ದರೆ, ಅದಕ್ಕೆ ತಯಾರಿ ಮಾಡಿಕೊಂಡಂತೆ ಕಂಡರೆ, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಹೆದರಿ ಎರಡು ಮೂರು ರಾತ್ರಿ ನಿದ್ದೆಯೇ ಮಾಡದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಆಂಬುಲೆನ್ಸಿಗೆ 108, ಪೊಲೀಸ್ ನೆರವೂ ಬೇಕಾದರೆ 112. ವಾಹನ ಬರುವ ತನಕ ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ತಂದಿಟ್ಟ ಕೀಟನಾಶಕ, ಕಳೆನಾಶಕ, ಮನೆಯಲ್ಲಿರುವ ಮಾತ್ರೆಗಳೆಲ್ಲ ಬೀಗದೊಳಗೆ ಹೋಗಲಿ, ಕೀಲಿ ಬೇರೆಯವರ ಹತ್ತಿರ ಇರಲಿ. ಆ ತೀವ್ರ ಗಳಿಗೆ ಬಹಳ ಸಲ ಕೆಲವೇ ತಾಸುಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಂತೆ ನೋಡಿಕೊಂಡರೆ ಜೀವ ಉಳಿಯುತ್ತದೆ.

‘ಸಾಯಬೇಕು ಅಂತ ಅನ್ನಿಸ್ತದಾ?’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದ್ದರಿಂದ ಎಷ್ಟೋ ಜನಕ್ಕೆ ಎದೆಭಾರ ಇಳಿಯುತ್ತದೆ.

ಪ್ರಯತ್ನ ಆಗಿಹೋಗಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮನೆಮದ್ದು ಮಾಡುತ್ತ ಕೂರಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಗೆ ಗುರಿಮಾಡುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅವರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಏನು ಸೇವಿಸಿದ್ದಾರೆ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೇ ಒಯ್ಯಿರಿ.

ಮೊದಲ ಫೋನು

ಅಷ್ಟು ತುರ್ತಿಲ್ಲದಿದ್ದರೆ 14416ಕ್ಕೆ ಫೋನು ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆ ನಂಬರು ಹತ್ತದಿದ್ದರೆ 1800 891 4416. ಭಾಷೆ ಆರಿಸಿಕೊಂಡ ಮೇಲೆ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ಅಗತ್ಯ ಕಂಡರೆ ಅವರೇ ಮನೋವೈದ್ಯರಿಗೆ ದಾಟಿಸುತ್ತಾರೆ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾರಿ ಹೇಳುತ್ತಾರೆ.

ಎಷ್ಟೋ ಜನ ಫೋನು ಹಚ್ಚಿ, ಎಲ್ಲಿಂದ ಶುರು ಮಾಡುವುದೆಂದು ತೋಚದೆ ಇಟ್ಟುಬಿಡುತ್ತಾರೆ. ನಾಲ್ಕು ವಿಷಯ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ದಿನದಿಂದ ಹೀಗಿದೆ, ನಿದ್ದೆ ಮತ್ತು ಊಟ ಹೇಗಿದೆ, ಯಾವ ಕೆಲಸ ಮಾಡಲು ಆಗುತ್ತಿಲ್ಲ, ಈಗ ಯಾವ ಮಾತ್ರೆ ನಡೆಯುತ್ತಿದೆ. ಹೆಸರು ಹೇಳಲು ಮುಜುಗರವಾದರೆ ಅದನ್ನೇ ಮೊದಲ ಮಾತಾಗಿ ಹೇಳಿ. ಕೊನೆಗೆ ‘ನಾನು ಮುಂದೆ ಯಾವ ಆಸ್ಪತ್ರೆಗೆ, ಯಾವ ದಿನ ಹೋಗಬೇಕು?’ ಎಂದು ಕೇಳದೆ ಫೋನು ಇಡಬೇಡಿ. ಜೊಯಿಡಾ ಕಡೆಯ ಅಥವಾ ಘಟ್ಟದ ಬುಡದ ಊರುಗಳಲ್ಲಿ ಸಿಗ್ನಲ್ ಸಿಗದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯನ್ನೋ ಕೇಳಿ. ಈ ವಿಷಯದಲ್ಲಿ ದಾರಿ ತೋರಿಸುವುದು ಅವರ ಕೆಲಸದಲ್ಲೇ ಸೇರಿದೆ.

ಮಕ್ಕಳ ವಿಷಯಕ್ಕೆ 1098, ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ ಹೆಂಗಸರಿಗೆ 181, ಒಂಟಿಯಾಗಿರುವ ವಯಸ್ಸಾದವರಿಗೆ 14567.

ತಾಲೂಕು ಆಸ್ಪತ್ರೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದೊಂದಿದೆ. ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಆರಂಭವಾದ ಯೋಜನೆ ಇದು. ನಮ್ಮ ಜಿಲ್ಲೆಯಲ್ಲೂ ಅದರ ತಂಡವಿದೆ. ಕಾರವಾರದವರಿಗೆ ಕ್ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ) ಆಸ್ಪತ್ರೆ, ಶಿರಸಿಯವರಿಗೆ ಪಂಡಿತ ಸಾರ್ವಜನಿಕ ಆಸ್ಪತ್ರೆ, ಉಳಿದವರಿಗೆ ಆಯಾ ತಾಲೂಕು ಆಸ್ಪತ್ರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನ ಮಂಗಳವಾರ. ಆದರೆ ಎಲ್ಲ ತಾಲೂಕಿಗೂ ಎಲ್ಲ ಮಂಗಳವಾರವೂ ಬರುತ್ತಾರೆಂದು ಹೊರಡಬೇಡಿ. ಹಿಂದಿನ ದಿನ ಆಸ್ಪತ್ರೆಗೆ ಫೋನು ಮಾಡಿ ‘ನಾಳೆ ಮಾನಸಿಕ ತಜ್ಞರು ಇದ್ದಾರಾ, ಎಷ್ಟು ಗಂಟೆಗೆ?’ ಎಂದು ಕೇಳಿ. ಈ ಒಂದು ಫೋನು ಮಾಡದೆ ಬಂದು, ಖಾಲಿ ಕುರ್ಚಿ ನೋಡಿ ವಾಪಸಾದವರು ಎರಡನೇ ಸಲ ಬರುವುದೇ ಕಷ್ಟ.

ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ. ಆಧಾರ್, ರೇಷನ್ ಕಾರ್ಡು, ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ಪು (ಬಿಪಿ, ಶುಗರ್, ಆಯುರ್ವೇದ, ನಾಟಿ ಔಷಧಿ ಯಾವುದೂ ಬಿಡದೆ) ಒಂದು ಚೀಲದಲ್ಲಿರಲಿ. ಸಾಲಿನಲ್ಲಿ ಊರವರು ಕಂಡಾರು ಎಂಬ ಹಿಂಜರಿಕೆ ಸಣ್ಣ ಊರಿನಲ್ಲಿ ಸಹಜ. ಚೀಟಿ ಕೌಂಟರಿನಲ್ಲಿ ‘ನಿದ್ದೆ ಬರುವುದಿಲ್ಲ’ ಎಂದಷ್ಟೇ ಹೇಳಿದರೆ ಸಾಕು, ಉಳಿದದ್ದು ವೈದ್ಯರ ಕೋಣೆಯೊಳಗೆ. ಒಳಗೆ ಹೇಳಿದ್ದನ್ನು ಗುಟ್ಟಾಗಿಡುವುದು ಕಾನೂನಿನ ಪ್ರಕಾರವೇ ಅವರ ಕರ್ತವ್ಯ. ಜೊತೆಗೆ ಬಂದವರ ಎದುರು ಹೇಳಲಾಗದ ಮಾತಿದ್ದರೆ ‘ಸ್ವಲ್ಪ ಒಬ್ಬನೇ ಮಾತಾಡಬೇಕಿತ್ತು’ ಅನ್ನಿ.

ವೈದ್ಯರಿಗೆ ಸಿಗುವ ಸಮಯ ಕಡಿಮೆ. ‘ಮಂಡೆಬಿಸಿ’, ‘ಬೇಜಾರು’ ಎಂದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಹೀಗೆ ಹೇಳಿ ನೋಡಿ: ‘ಎರಡು ತಿಂಗಳಾಯ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರಾದರೆ ಮತ್ತೆ ನಿದ್ದೆ ಇಲ್ಲ. ಅಡಿಗೆ ಮಾಡಲಿಕ್ಕೂ ಮನಸ್ಸಿಲ್ಲ. ಹಾಕುತ್ತಿದ್ದ ರವಿಕೆ ದೊಗಳೆ ಆಗಿದೆ.’ ಇಷ್ಟರಲ್ಲೇ ಅವಧಿ, ನಿದ್ದೆ, ಕೆಲಸ, ತೂಕ ನಾಲ್ಕೂ ಬಂತು. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಮನೆಯಲ್ಲೇ ತುಂಬಿಕೊಂಡು ಹೋದರೂ ಒಳ್ಳೆಯದು. ಹಿಂದಿನ ಎರಡು ವಾರದ ಬಗ್ಗೆ ಕೇಳುತ್ತದೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಲೇಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಅಂಕ ನೋಡುತ್ತ ಕೂರದೆ ಅಂದೇ ಮಾತಾಡಿ. ಈ ಅಂಕ ಕಾಯಿಲೆಯ ತೀರ್ಮಾನವಲ್ಲ, ಸೂಚನೆ ಅಷ್ಟೆ.

ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ, ಬಿ12 ಇಳಿದರೂ ಸುಸ್ತು, ಮರೆವು, ಬೇಸರ ಹೀಗೆಯೇ ಬರುತ್ತವೆ. ಮೀನು, ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಹೆಚ್ಚು. ಮೊದಲ ಭೇಟಿಯಲ್ಲೇ ‘ರಕ್ತಪರೀಕ್ಷೆ ಬೇಕಾ?’ ಎಂದು ಕೇಳಿ.

ಯಾರು ಏನು ಮಾಡುತ್ತಾರೆ

ಮನೋವೈದ್ಯರು ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಓದಿದವರು. ಮಾತ್ರೆ ಬರೆಯುವುದು ಇವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಖಾಸಗಿಯಾಗಿ ಹೋಗುವುದಾದರೆ ಅದನ್ನು ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವವರ ಹತ್ತಿರ ಹೋಗದಿರುವುದೇ ಕ್ಷೇಮ. ‘ಕೌನ್ಸೆಲರ್’ ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮೂರೇ ಭೇಟಿಯಲ್ಲಿ ಪೂರ್ತಿ ಗುಣ ಎಂದರೆ, ವೈದ್ಯರು ಕೊಟ್ಟ ಮಾತ್ರೆ ಬಿಡಿ ಎಂದರೆ ಅಲ್ಲಿಂದ ಎದ್ದು ಬನ್ನಿ.

ದೇವಸ್ಥಾನದಲ್ಲಿ ಪ್ರಸಾದ ಕೇಳುವುದು, ಜಾತಕ ತೋರಿಸುವುದು, ಹರಕೆ ಹೇಳಿಕೊಳ್ಳುವುದು ನಮ್ಮಲ್ಲಿ ನಡೆದುಬಂದದ್ದು. ಅದರಿಂದ ಧೈರ್ಯ ಬರುವುದಾದರೆ ಮಾಡಿ, ಆದರೆ ಅದರ ಫಲ ನೋಡೋಣವೆಂದು ಆಸ್ಪತ್ರೆಯನ್ನು ಮುಂದೂಡಬೇಡಿ. ಕಟ್ಟಿಹಾಕುವುದು, ಹೊಡೆಯುವುದು, ಹೊಗೆ ಹಾಕುವುದು ಎಲ್ಲೇ ನಡೆದರೂ ಅದು ಹಿಂಸೆ.

ಮಾತ್ರೆ ಶುರುವಾದ ಮೇಲೆ

ಚಿಕಿತ್ಸೆ ಹೆಚ್ಚು ಮುರಿದುಬೀಳುವುದು ಇಲ್ಲಿಯೇ. ಖಿನ್ನತೆಯ ಮಾತ್ರೆ ನುಂಗಿದ ಮರುದಿನ ಮನಸ್ಸು ಹಗುರಾಗುವುದಿಲ್ಲ. ಗುಣ ಕಾಣಲು ಸಾಧಾರಣ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮಕ್ಕೆ ಇನ್ನೂ ಹೆಚ್ಚು. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆಯಂಥ ತೊಂದರೆಗಳು ಮಾತ್ರ ಮೊದಲ ವಾರವೇ ಬರುತ್ತವೆ. ತೊಂದರೆ ಮೊದಲು, ಗುಣ ಆಮೇಲೆ ಎಂಬುದು ಗೊತ್ತಿಲ್ಲದವರು ಹತ್ತನೇ ದಿನಕ್ಕೆ ಮಾತ್ರೆ ಬಿಡುತ್ತಾರೆ. ಚಡಪಡಿಕೆ ಜಾಸ್ತಿಯಾದರೆ, ಅದರಲ್ಲೂ ಹರೆಯದವರಿಗೆ ಸಾವಿನ ಯೋಚನೆ ಬಂದರೆ ಮುಂದಿನ ತಾರೀಕಿಗೆ ಕಾಯದೆ ತಕ್ಷಣ ವೈದ್ಯರಿಗೆ ತಿಳಿಸಿ.

ಎರಡನೇ ಸಲ ತಪ್ಪುವುದು ಆರಾಮಾದ ಮೇಲೆ. ಮೊದಲ ಸಲದ ಖಿನ್ನತೆಯಾದರೆ ಗುಣವಾದ ನಂತರವೂ ಆರೇಳು ತಿಂಗಳಾದರೂ ಮಾತ್ರೆ ಮುಂದುವರಿಯಬೇಕಾಗುತ್ತದೆ. ಬಿಡುವಾಗಲೂ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆ ಸುತ್ತುತ್ತದೆ, ಮೈಯಲ್ಲಿ ಕರೆಂಟು ಹೊಡೆದಂತಾಗುತ್ತದೆ. ಅದು ಚಟವಲ್ಲ, ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಚಟದ ಭಯ ಇರುವುದು ಆತಂಕಕ್ಕೆ, ನಿದ್ದೆಗೆ ಕೊಡುವ ಅಲ್ಪ್ರಾಜೋಲಾಂ, ಕ್ಲೋನಾಜೆಪಾಂ ತರಹದ ಮಾತ್ರೆಗಳಿಗೆ. ವೈದ್ಯರು ಕೆಲವು ವಾರಕ್ಕೆಂದು ಬರೆದದ್ದನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಂಡು ನುಂಗಬಾರದು. ಹಾಗೆ ಅಭ್ಯಾಸವಾಗಿಬಿಟ್ಟಿದ್ದರೆ ಅದನ್ನೂ ತಾನಾಗಿ ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು.

ಕೆಲಸ ಏನೆಂದು ವೈದ್ಯರಿಗೆ ಹೇಳಲೇಬೇಕು. ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಅಡಿಕೆ ಮರ ಹತ್ತುವ ಕೊನೆಗೌಡನಿಗೆ, ಬೋಟಿನವರಿಗೆ, ಘಟ್ಟದಲ್ಲಿ ಲಾರಿ ಓಡಿಸುವವರಿಗೆ ಇದು ಜೀವದ ಪ್ರಶ್ನೆ. ಹೇಳಿದರೆ ಮಾತ್ರೆ ಬದಲಿಸಬಹುದು, ರಾತ್ರಿಗೆ ಹಾಕಬಹುದು. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಕಾಲಕಾಲಕ್ಕೆ ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಕಿಡ್ನಿ ನೋಡಿಸಬೇಕು. ಕರಾವಳಿಯ ಏಪ್ರಿಲ್, ಮೇ ಬೆವರಿನಲ್ಲಿ ನೀರು ಕಡಿಮೆ ಕುಡಿದರೆ, ವಾಂತಿಭೇದಿಯಾದರೆ, ಮೈಕೈ ನೋವಿಗೆಂದು ಐಬುಪ್ರೊಫೆನ್ ನುಂಗಿದರೆ ಲಿಥಿಯಂ ಮೈಯಲ್ಲಿ ಏರಿ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ನಡೆ ತಪ್ಪುವುದು, ಮಾತು ತೊದಲುವುದು ಅದರ ಗುರುತು. ಏಕಾದಶಿಯಾಗಲಿ ರಂಜಾನ್ ಆಗಲಿ, ಉಪವಾಸ ಹಿಡಿಯುವ ಮೊದಲೇ ವೈದ್ಯರನ್ನು ಕೇಳಿ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಭೇಟಿಯಲ್ಲಿ, ‘ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಕೊಡಿ’ ಎಂದು ಕೇಳಿಟ್ಟುಕೊಳ್ಳಿ. ದೇವಿಮನೆ, ಅರಬೈಲು ಘಟ್ಟಗಳು ಯಾವ ದಿನ ಬಂದಾಗುತ್ತವೆಂದು ಹೇಳಲಾಗದು. ಸಾವಿನ ಯೋಚನೆ ಇರುವವರ ಮನೆಯಲ್ಲಿ ಮಾತ್ರ ಆ ಹೆಚ್ಚಿನ ಮಾತ್ರೆ ಇನ್ನೊಬ್ಬರ ಕೈಯಲ್ಲಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದಿದ್ದರೆ ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ, ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆಗೆ ಸಿಗುತ್ತದೆ.

ಕುಡಿತ ಬಿಡಿಸುವಾಗ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಕೆಲಸವಿಲ್ಲ, ಸಾಲದವರು ಬಾಗಿಲಿಗೆ ಬರುತ್ತಾರೆ, ಹೊರಗೆ ಜಡಿಮಳೆ. ಕುಡಿತವೂ ಮನೆಯ ಜಗಳವೂ ಏರಲು ಇಷ್ಟು ಸಾಕು. ಅದಕ್ಕೆ ‘ನಾಳೆಯಿಂದ ಬಿಟ್ಟೆ’ ಎಂದು ಆಣೆ ಮಾಡಿಸುವುದು ಎಲ್ಲ ಮನೆಗಳಲ್ಲಿ ಕಾಣುವ ಉಪಾಯ. ದಿನಾ ಜಾಸ್ತಿ ಕುಡಿಯುವವರಿಗೆ ಅದು ಅಪಾಯ. ನಿಲ್ಲಿಸಿದ ದಿನವೇ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನದ ಹೊತ್ತಿಗೆ ಹುಳ, ಹಾವು ಕಂಡಂತಾಗಿ ದಿಕ್ಕು ತಪ್ಪಿ ಮಾತಾಡಿದರೆ ಅದು ಭೂತಚೇಷ್ಟೆಯಲ್ಲ, ಪ್ರಾಣಕ್ಕೇ ಸಂಚಕಾರ ತರುವ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಇಂಥವರು ಮೊದಲ ವಾರವನ್ನು ವೈದ್ಯರ ಕಣ್ಣಳತೆಯಲ್ಲೇ ಕಳೆಯಬೇಕು. ಊರೂರಲ್ಲಿ ನಡೆಯುವ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಸೇರುವುದಾದರೆ ಹಿಂದೆ ಫಿಟ್ಸ್ ಬಂದದ್ದನ್ನು, ಶುಗರ್, ಲಿವರ್ ತೊಂದರೆಯನ್ನು ಮೊದಲೇ ಹೇಳಿ. ವ್ಯಸನದ ಬಗ್ಗೆಯೇ ಇರುವ ಸಹಾಯವಾಣಿ 14446.

ದೂರದ ಊರಿಗೆ ಯಾವಾಗ

ಎರಡು ಬೇರೆ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ಸಾಕಷ್ಟು ದಿನ ಕೊಟ್ಟರೂ ಗುಣ ಕಾಣದಿದ್ದರೆ, ದಾಖಲು ಮಾಡುವ ಅಗತ್ಯವಿದ್ದರೆ, ಕಾಯಿಲೆ ಏನೆಂದೇ ಸ್ಪಷ್ಟವಾಗದಿದ್ದರೆ ಹೋಗಲೇಬೇಕು. ಹಳಿಯಾಳ, ದಾಂಡೇಲಿ, ಯಲ್ಲಾಪುರ, ಮುಂಡಗೋಡ, ಶಿರಸಿಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ. ಕಾರವಾರದವರಿಗೆ ಗೋವಾದ ಬಾಂಬೋಲಿಯಲ್ಲಿರುವ ಮನೋವೈದ್ಯ ಸಂಸ್ಥೆ ಹತ್ತಿರ. ಗೋವಾದಲ್ಲಿ ಹೊರರಾಜ್ಯದವರಿಗೆ ಶುಲ್ಕ ಬೇರೆ ಇರಬಹುದು, ಮೊದಲೇ ಕೇಳಿ. ತಾಲೂಕು ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆದೇ ಹೊರಡಿ, ಆಯುಷ್ಮಾನ್ ಯೋಜನೆಗೂ ಅದು ಬೇಕಾಗುತ್ತದೆ. ಅಲ್ಲಿಂದ ವಾಪಸು ಬರುವಾಗ ‘ಮುಂದಿನ ಮಾತ್ರೆ ನಮ್ಮ ತಾಲೂಕಿನಲ್ಲೇ ತೆಗೆದುಕೊಳ್ಳುವ ಹಾಗೆ ಬರೆದುಕೊಡಿ’ ಎಂದು ಕೇಳಿ ಬರೆಸಿಕೊಳ್ಳಿ.

ಕಾಗದಪತ್ರ

ಚೀಟಿಗಳನ್ನೆಲ್ಲ ತಾರೀಕಿನಂತೆ ಒಂದೇ ಫೈಲಿನಲ್ಲಿ, ಮಳೆಗಾಲದ ಪಸೆಗೆ ಶಾಯಿ ಹರಡದಂತೆ ಪ್ಲಾಸ್ಟಿಕ್ ಕವರಿನಲ್ಲಿಡಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಆರೋಗ್ಯ ವಿಮೆ ಇದ್ದರೆ ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ಅನ್ವಯಿಸಬೇಕೆಂದು 2017ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಆಸ್ತಿ, ಜೀವನಾಂಶ, ಹಿಂಸೆಯ ತಕರಾರುಗಳಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು 15100ರಲ್ಲಿ ಸಿಗುತ್ತದೆ.

ವರ್ಷಗಟ್ಟಲೆ ದುಡಿಯಲಾಗದವರಿಗೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಹೆಚ್ಚಿನ ಸೌಲಭ್ಯಗಳಿಗೆ ವೈಕಲ್ಯದ ಪ್ರಮಾಣ ಕನಿಷ್ಠ ಶೇ. 40 ಇರಬೇಕು. ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಕರೆದ ದಿನ ಹಳೆಯ ಚೀಟಿಗಳ ಫೈಲಿನೊಂದಿಗೆ ಆಸ್ಪತ್ರೆಗೆ ಹೋಗಬೇಕು. ಅಂದು ಅಚ್ಚುಕಟ್ಟಾಗಿ ತಯಾರು ಮಾಡಿ, ‘ಈಗ ಆರಾಮಿದ್ದಾನೆ’ ಎನ್ನುವ ಮನೆಯವರಿದ್ದಾರೆ, ಪ್ರಮಾಣ ಕಡಿಮೆ ಬಂದು ಅರ್ಜಿ ಬೀಳುತ್ತದೆ. ಸ್ನಾನಕ್ಕೆ ಎಷ್ಟು ಸಲ ಹೇಳಬೇಕು, ಅಂಗಡಿಗೆ ಒಬ್ಬರೇ ಹೋಗುತ್ತಾರೋ, ನಾಲ್ಕು ಜನರೊಡನೆ ಮಾತಾಡುತ್ತಾರೋ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಚೀಟಿ ತಾತ್ಕಾಲಿಕದ್ದಾದರೆ ಅವಧಿ ಮುಗಿಯುವ ತಾರೀಕನ್ನು ಫೈಲಿನ ಮೇಲೆಯೇ ಬರೆದಿಟ್ಟು, ಎರಡು ತಿಂಗಳ ಮುಂಚೆ ನವೀಕರಣಕ್ಕೆ ಹಾಕಿ.